ಸಡಿಲ ಬಿಡುವ ವಿದ್ಯೆ

ಮೂಡುಬಿದಿರೆ
12 ಅಕ್ಟೋಬರ್ 1957

ಪ್ರಿಯ ಮಹೇಶ್ವರ,

ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿ ವರ್ಷವಾಗುತ್ತ ಬಂತು. ಇಡೀ ಜಿಲ್ಲೆ ಈಚೆ ಬಂದರೂ ಬಂಟ್ವಾಳದ ಭಟ್ಟರ ಮಗನೊಬ್ಬ ಮಾತ್ರ ಅಲ್ಲೇ ಉಳಿದಿದ್ದಾನೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. ಡಾಕ್ಟರಾದ ಮೇಲೆ ನಿನ್ನ ಅಕ್ಷರವನ್ನು ನಿನ್ನ ತಾಯಿಗೂ ಓದಲು ಆಗುವುದಿಲ್ಲವಂತೆ. ನನಗಾದರೂ ಬಿಡಿಸಿ ಬರೆ.

ನನ್ನ ಡ್ರಿಲ್ ಮಾಸ್ತರಿಕೆ ನಡೆಯುತ್ತಿದೆ. ಜನವರಿಯಲ್ಲಿ ಮಂಗಳೂರಿನಿಂದ ಬೆಳ್ತಂಗಡಿಗೆ ಸೈಕಲ್ ಪಂದ್ಯ. ಹೋದ ಸಲ ಎರಡನೆಯವನಾಗಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಶಾಲೆ ಬಿಟ್ಟ ಕೂಡಲೇ ತೋಡಾರಿನ ಏರು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಜೈನರಾದ ನಾವು ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಲ್ಲ, ಹಾಗಾಗಿ ಮನೆಗೆ ಬರುವಾಗಿನ ನನ್ನ ವೇಗವನ್ನು ಯಾವ ಪಂದ್ಯದವನೂ ಕಂಡಿಲ್ಲ.

ಬೆಳ್ತಂಗಡಿಯಲ್ಲಿ ಒಂದು ಹುಡುಗಿಯನ್ನೂ ನೋಡಿ ಬಂದೆವು. ಹೆಸರು ಮನೋರಮಾ. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮಲ್ಲಿ ಮಾತು ಆಡುವುದು ಸೋದರಮಾವಂದಿರು ತಾನೆ? ಅವಳ ಮಾವ ಶ್ರೀಪಾಲರೂ ನನ್ನ ಮಾವನೂ ಎಲೆಯಡಿಕೆ ಮೆಲ್ಲುತ್ತಲೇ ಎಲ್ಲ ಮುಗಿಸಿದ್ದಾರೆ. ದಿನ ಗೊತ್ತು ಮಾಡುವುದಷ್ಟೇ ಬಾಕಿ. ಪಂದ್ಯ ಕಳೆಯಲಿ ಎಂದಿದ್ದೇನೆ. ನಾವು ಹೋದಾಗ ಆ ಹುಡುಗಿ ನನ್ನನ್ನು ಬಿಟ್ಟು ಅಂಗಳದಲ್ಲಿದ್ದ ನನ್ನ ಸೈಕಲನ್ನೇ ನೋಡುತ್ತಿದ್ದಳು. ಅದು ನನಗೆ ಬಹಳ ಹಿಡಿಸಿತು.

ಒಂದು ಸಣ್ಣ ಕೆಲಸ ಉಂಟು. ಕೆಲವು ತಿಂಗಳಿಂದ ಸೊಂಟ ನೋವು. ದೊಡ್ಡದೇನಲ್ಲ. ಸೈಕಲ್ ತುಳಿಯುವವರಿಗೆ ಬರುವಂಥದ್ದೇ ಇರಬೇಕು. ಒಳ್ಳೆಯ ಮುಲಾಮು ಇದ್ದರೆ ಅಂಚೆಯಲ್ಲಿ ಕಳುಹಿಸು.

ನಿನ್ನ,
ವಿಮಲಕುಮಾರ


ಮದ್ರಾಸು
25 ಅಕ್ಟೋಬರ್ 1957

ಎಲೋ ವಿಮಲ,

ಮುಲಾಮು ಕಳುಹಿಸಿದ್ದೇನೆ. ವಾಸನೆಗೆ ನಿಮ್ಮ ಮನೆಯ ಬೆಕ್ಕು ಓಡಿಹೋದರೆ ನಾನು ಜವಾಬ್ದಾರನಲ್ಲ.

ಮದುವೆ ಹತ್ತಿರ ಬಂದಾಗ ಸೊಂಟ ಹಿಡಿದುಕೊಳ್ಳುವ ಗಂಡಸರನ್ನು ಇಲ್ಲಿಯೂ ಕಾಣುತ್ತೇನೆ. ಅದಕ್ಕೆ ಮುಲಾಮು ನಾಟುವುದಿಲ್ಲ, ಮನೋರಮಾ ಟೀಚರ ಬೆತ್ತವೇ ಆಗಬೇಕು! ತಮಾಷೆ ಇರಲಿ. ಬೆನ್ನಿನ, ಹೊಟ್ಟೆಯ ಸ್ನಾಯುಗಳು ಸೋತಿರಬಹುದು. ಮಲಗಿಕೊಂಡು ಕಾಲೆತ್ತುವುದು, ಹೊಟ್ಟೆ ಬಿಗಿ ಹಿಡಿದು ಏಳುವುದು, ಇವನ್ನು ಬೆಳಿಗ್ಗೆ ಮಾಡು. ನೀನೇ ಡ್ರಿಲ್ ಮಾಸ್ತರು, ನಿನಗೆ ನಾನು ಹೇಳಬೇಕೆ?

ಜ್ವರ ಬರುತ್ತದೆಯೇ? ಕಾಲು ಜೋಮು ಹಿಡಿಯುತ್ತದೆಯೇ? ಮೂತ್ರಕ್ಕೆ ಹೋದಾಗ ಉರಿಯೇನಾದರೂ ಉಂಟೇ? ನಾಚಿಕೆ ಬಿಟ್ಟು ಬರೆ.

ಮಹೇಶ್ವರ


ಮೂಡುಬಿದಿರೆ
10 ನವೆಂಬರ್ 1957

ಪ್ರಿಯ ಮಹೇಶ್ವರ,

ಮುಲಾಮು ಬಂತು. ಬೆಕ್ಕು ಹೋಗಿಲ್ಲ, ನಮ್ಮ ಅಮ್ಮ ಮಾತ್ರ ನನ್ನ ಚಾಪೆಯನ್ನು ಚಾವಡಿಗೆ ಹಾಕಿದ್ದಾರೆ.

ಜ್ವರ ಇಲ್ಲ. ಜೋಮು ಇಲ್ಲ. ನೀನು ಹೇಳಿದ್ದನ್ನು ಮಾಡುತ್ತಿದ್ದೇನೆ. ಗರಡಿಯ ಪದ್ಮಯ್ಯ ಗುರುಗಳ ಮಾತೂ ನಿನ್ನ ಮಾತೂ ಒಂದೇ ಆಯಿತು. ‘ಅಡಿ ಸಡಿಲ ಆದ್ರೆ ಶಕ್ತಿ ಎಲ್ಲ ಸೋರಿ ಹೋಗ್ತದೆ ಮಾರಾಯ. ಲಂಗೋಟಿ ಬಿಗಿ ಕಟ್ಟು, ಮೂಲಬಂಧ ಹಾಕು’ ಎಂದರು. ಕೆಳಗಿನದನ್ನೆಲ್ಲ ಮೇಲಕ್ಕೆಳೆದು ಬಿಗಿ ಹಿಡಿದುಕೊಳ್ಳುವುದೇ ಮೂಲಬಂಧ, ನಿನಗೆ ನೆನಪಿರಬಹುದು. ಪಾಠ ಮಾಡುವಾಗ, ಏರು ಹತ್ತುವಾಗ, ಕುಳಿತಾಗ, ನಿಂತಾಗ ಹಾಕುತ್ತಿದ್ದೇನೆ. ಗುಣವಾದೀತು.

ಇಲ್ಲಿ ಎಲ್ಲ ಸರಿ ಉಂಟು.

ವಿಮಲಕುಮಾರ


ಮದ್ರಾಸು
6 ಫೆಬ್ರವರಿ 1958

ವಿಮಲ,

ಬರೆದ ಎರಡು ಕಾಗದಕ್ಕೆ ಉತ್ತರ ಇಲ್ಲ. ಪಂದ್ಯದ ಸುದ್ದಿ ಪತ್ರಿಕೆಯಲ್ಲಿ ಬಂತು, ಅದರಲ್ಲಿ ನಿನ್ನ ಹೆಸರೇ ಇಲ್ಲ. ಈಗ ನನ್ನ ಅಮ್ಮ ಬರೆಯುತ್ತಾರೆ, ಜಾತಕ ಕೂಡಿಬರಲಿಲ್ಲವೆಂದು ನೀನು ಬೆಳ್ತಂಗಡಿಗೆ ಹೇಳಿ ಕಳುಹಿಸಿದೆಯಂತೆ. ಮಾವಂದಿರು ಮಾತು ಮುಗಿಸಿದ ಮೇಲೆ ಯಾವ ಜಾತಕ ಮಾರಾಯ? ಶ್ರೀಪಾಲರು ಬಸ್ಸಿನಲ್ಲಿ ನನ್ನ ತಂದೆಯನ್ನು ಕಂಡು, ‘ನಮ್ಮ ಹುಡುಗಿಯಲ್ಲಿ ಏನು ಕಂಡ ಅವ? ಅಷ್ಟಾದ್ರೂ ಹೇಳ್ಲಿ’ ಎಂದು ಕೇಳಿದರಂತೆ. ಅಪ್ಪನಿಗೆ ತಲೆ ತಗ್ಗಿಸುವ ಹಾಗಾಯಿತು.

ನನಗೆ ಸಿಟ್ಟು ಬಂದದ್ದು ನಿಜ. ಆಮೇಲೆ ನಿನ್ನ ನವೆಂಬರಿನ ಕಾಗದ ತೆಗೆದು ಓದಿದೆ. ನಾನು ಕೇಳಿದ್ದು ಮೂರು ಪ್ರಶ್ನೆ. ನೀನು ಎರಡಕ್ಕೆ ಇಲ್ಲ ಎಂದೆ. ಮೂರನೆಯದನ್ನು ಮುಟ್ಟಲೇ ಇಲ್ಲ.

ಈಗ ಸಿಟ್ಟಿಲ್ಲ. ಏನಾಗಿದೆ ಹೇಳು. ಕೇಳುತ್ತಿರುವವನು ಡಾಕ್ಟರಲ್ಲ, ಫಲ್ಗುಣಿ ಹೊಳೆಯಲ್ಲಿ ನಿನ್ನ ಜೊತೆ ಮುಳುಗಿ ಪೊಳಲಿ ದೇವಸ್ಥಾನದ ಭಟ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು.

ಮಹೇಶ್ವರ


ಮೂಡುಬಿದಿರೆ
19 ಫೆಬ್ರವರಿ 1958

ಮಹೇಶ್ವರ,

ಓದಿದ ಮೇಲೆ ಇದನ್ನು ಹರಿದು ಹಾಕು.

ನೋವಿರುವುದು ಸೊಂಟದಲ್ಲಿ ಅಲ್ಲ. ಅದಕ್ಕಿಂತ ಕೆಳಗೆ, ಸೈಕಲಿನ ಸೀಟು ತಾಗುವಲ್ಲಿ, ಒಳಗೆ. ಮೊದಲು ದೂರ ಹೋಗಿ ಬಂದ ದಿನ ಮಾತ್ರ ಇತ್ತು. ಈಗ ಬೆಂಚಿನಲ್ಲಿ ಕುಳಿತರೂ ಕೆಂಡದ ಮೇಲೆ ಕುಳಿತ ಹಾಗೆ. ಮೂತ್ರಕ್ಕೆ ಹೋದರೆ ಉರಿ, ಬಂದು ಕುಳಿತರೆ ಮತ್ತೆ ಹೋಗಬೇಕು ಎನ್ನಿಸುತ್ತದೆ. ಶಾಲೆಯಲ್ಲಿ ಮಾಸ್ತರರಿಗೆಂದು ಮರೆಯೊಂದು ಇಲ್ಲ, ಮಕ್ಕಳ ಕಣ್ಣೆದುರು ಗುಡ್ಡೆಗೆ ಓಡುವುದು ಹೇಗೆ? ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿದಿಟ್ಟುಕೊಳ್ಳುತ್ತೇನೆ. ಮೂಲಬಂಧ ಹೆಚ್ಚು ಹಾಕಿದಷ್ಟೂ ನೋವು ಹೆಚ್ಚಾಯಿತು. ನನ್ನ ಸಾಧನೆಯೇ ಸಾಲದೆಂದು ಇನ್ನೂ ಹಾಕಿದೆ.

ದೂರದ ಪೇಟೆಯ ಒಬ್ಬ ಡಾಕ್ಟರಲ್ಲಿಗೆ ಹೋದೆ. ಅವರು ನಕ್ಕರು. ‘ಎಲ್ಲೆಲ್ಲಿಗೆ ಹೋಗಿದ್ದೆ? ಸತ್ಯ ಹೇಳು’ ಎಂದರು. ನಾನು ಅಂಥ ಮನೆಗಳಿಗೆ ಎಂದೂ ಹೋದವನಲ್ಲ. ಬಸದಿಯಲ್ಲಿ ನಿಂತು ಹೇಳಬಲ್ಲೆ. ಅವರು ನಂಬಲಿಲ್ಲ, ಪೆನಿಸಿಲಿನ್ ಚುಚ್ಚಿದರು. ಮತ್ತೆ ಮತ್ತೆ ಚುಚ್ಚಿದರು. ಏನೂ ಇಳಿಯಲಿಲ್ಲ. ಕೊನೆಗೆ, ‘ಮದುವೆಯ ಆಸೆ ಬಿಡು’ ಎಂದುಬಿಟ್ಟರು.

ಪಂದ್ಯದ ದಿನ ಬಂಟ್ವಾಳದವರೆಗೆ ಮುಂದೆಯೇ ಇದ್ದೆ. ಅಲ್ಲಿ ಇಳಿದೆ. ಮತ್ತೆ ಹತ್ತಲು ಆಗಲಿಲ್ಲ. ಬೆಳ್ತಂಗಡಿಯಲ್ಲಿ ಅವಳು ಶಾಲೆಯ ಮಕ್ಕಳನ್ನು ಕರೆದುಕೊಂಡು ದಾರಿಯ ಬದಿಯಲ್ಲಿ ನಿಂತಿದ್ದಳಂತೆ.

ಹುಡುಗಿಯಲ್ಲಿ ಏನು ಕಂಡೆ ಎಂದು ಕೇಳಿದರೆ ಏನೆಂದು ಹೇಳಲಿ? ಅವಳಲ್ಲಿ ಏನೂ ಕೊರತೆ ಇಲ್ಲ. ನಾನೇ ಗಂಡಸೆನ್ನಿಸಿಕೊಳ್ಳಲು ಲಾಯಕ್ಕಿಲ್ಲದವನು. ಒಂದು ಹೆಣ್ಣಿನ ಬಾಳನ್ನು ತಿಳಿದೂ ತಿಳಿದೂ ಹಾಳು ಮಾಡಲೇ?

ವಿಮಲ


ಮದ್ರಾಸು
24 ಫೆಬ್ರವರಿ 1958

ವಿಮಲ,

ಕಾಗದ ಹರಿದು ಹಾಕಿದ್ದೇನೆ. ಅದನ್ನು ಬರೆದದ್ದಕ್ಕೆ ನಿನ್ನ ಕೈ ಹಿಡಿದುಕೊಳ್ಳಬೇಕು ಎನ್ನಿಸುತ್ತಿದೆ.

ನೀನು ಹೇಳಿದ್ದನ್ನೆಲ್ಲ ನಾನು ನಂಬುತ್ತೇನೆ. ಇದನ್ನು ಮೊದಲು ಓದಿಕೊ, ಉಳಿದದ್ದನ್ನು ಆಮೇಲೆ ಓದು.

ನಿನ್ನ ಹೆಸರು ಹೇಳದೆ ನಮ್ಮ ದೊಡ್ಡ ಡಾಕ್ಟರರನ್ನು ಕೇಳಿದೆ. ಅವರು ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವರು. ಇಡೀ ದಿನ ಕುದುರೆ, ಮೋಟಾರ್ ಸೈಕಲ್ ಮೇಲಿರುವ ಗಟ್ಟಿ ಆಳುಗಳಲ್ಲಿ ಇಂಥದ್ದನ್ನು ಕಂಡಿದ್ದಾರಂತೆ. ಸೋಂಕು, ಕಲ್ಲು ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಮಂಗಳೂರಿಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸು, ಚೀಟಿ ಇದರೊಳಗಿದೆ. ಅದರಲ್ಲಿ ಏನೂ ಸಿಗದಿದ್ದರೆ, ಅಡಿಯ ಸ್ನಾಯುಗಳನ್ನು ನೋಡಬೇಕು. ಮುಷ್ಟಿಯನ್ನು ಇಡೀ ದಿನ ಬಿಗಿ ಹಿಡಿದುಕೊ, ಸಂಜೆಗೆ ಕೈ ನೋಯುವುದಿಲ್ಲವೇ? ನೀನು ಆ ಮುಷ್ಟಿಯನ್ನು ಎಷ್ಟೋ ತಿಂಗಳಿಂದ ಬಿಚ್ಚಿಲ್ಲ. ನೋವಾಯಿತೆಂದು ಇನ್ನಷ್ಟು ಬಿಗಿದೆ, ಬಿಗಿದದ್ದಕ್ಕೆ ನೋವು ಇನ್ನಷ್ಟಾಯಿತು. ಪದ್ಮಯ್ಯ ಗುರುಗಳ ವಿದ್ಯೆ ಸುಳ್ಳಲ್ಲ. ಆದರೆ ಬಿಗಿಯುವುದನ್ನು ಕಲಿಸಿದವರು ಬಿಡುವುದನ್ನೂ ಕಲಿಸಬೇಕಿತ್ತು. ನಾನು ಹೇಳಿದ ವ್ಯಾಯಾಮವನ್ನೂ ಇವತ್ತೇ ನಿಲ್ಲಿಸು.

ಲಂಗೋಟಿ ಸಡಿಲಿಸು. ಸೈಕಲನ್ನು ಅಟ್ಟಕ್ಕೆ ಹಾಕು. ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ಹೇಳಿ ಗುಡ್ಡೆಗೆ ಹೋಗು, ಮಕ್ಕಳು ನೋಡಿದರೆ ನೋಡಲಿ. ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ನಾನು ಊರಿಗೆ ಬರುತ್ತೇನೆ. ನಿನ್ನನ್ನು ನಾನೇ ಪರೀಕ್ಷೆ ಮಾಡುತ್ತೇನೆ. ಬೇರೆ ಯಾರ ಎದುರೂ ನೀನು ನಾಚಿಕೆಪಡಬೇಕಾಗಿಲ್ಲ, ನನ್ನೆದುರು ಮಾತ್ರ ಸ್ವಲ್ಪ.

ಲಾಯಕ್ಕಿಲ್ಲದವನು ಎಂದು ಇನ್ನೊಮ್ಮೆ ಬರೆದರೆ ಬಂದು ಹೊಡೆಯುತ್ತೇನೆ.

ಮಹೇಶ್ವರ


ಮೂಡುಬಿದಿರೆ
30 ಮೇ 1958

ಪ್ರಿಯ ಮಹೇಶ್ವರ,

ನೀನು ಬಂದು ಹೋದ ಮೇಲೆ ಬರೆಯಲು ತಡವಾಯಿತು. ಮೊದಲೇ ಬರೆದಿದ್ದರೆ ಬರೀ ದೂರು ಬರೆಯಬೇಕಾಗುತ್ತಿತ್ತು.

ಮಂಗಳೂರಿನ ಮೂತ್ರ ಪರೀಕ್ಷೆಯಲ್ಲಿ ಏನೂ ಸಿಕ್ಕದ ಮೇಲೆ, ನಿಮ್ಮ ಮನೆಯ ಮಾಳಿಗೆಯಲ್ಲಿ ಪರೀಕ್ಷೆ ಮಾಡುವಾಗ ನೀನು ಒಂದು ಕಡೆ ಒತ್ತಿದ್ದು, ನಾನು ‘ಅದೇ, ಅದೇ’ ಎಂದು ಕೂಗಿಕೊಂಡದ್ದು ನೆನಪುಂಟಲ್ಲ? ಆವತ್ತು ನನಗೆ ಅಳು ಬಂದದ್ದು ನೋವಿಗಲ್ಲ. ಇದು ಪಾಪವಲ್ಲ, ಶಾಪವಲ್ಲ, ಒಂದು ಸ್ನಾಯು, ಬೆರಳು ಇಟ್ಟು ತೋರಿಸಬಹುದಾದದ್ದು ಎಂದು ಗೊತ್ತಾಯಿತಲ್ಲ, ಅದಕ್ಕೆ.

ನಿನ್ನ ಚಿಕಿತ್ಸೆ ನಡೆಯುತ್ತಿದೆ. ಭತ್ತ ಬೇಯಿಸುವ ಕಟಾರದಲ್ಲಿ ಬಿಸಿನೀರು ತುಂಬಿಸಿ ಅದರೊಳಗೆ ಸೊಂಟ ಮುಳುಗುವಷ್ಟು ಕುಳಿತಿರುತ್ತೇನೆ. ಮೊದಲ ದಿನ ಅಮ್ಮ ಬಚ್ಚಲಿಗೆ ಇಣುಕಿ, ‘ಅಯ್ಯೋ ಜಿನದೇವರೇ, ಇವ ಭತ್ತ ಆದ್ನಾ?’ ಎಂದರು. ಅವರಿಗೆ ಮಂಡಿ ನೋವೆಂದು ಸುಳ್ಳು ಹೇಳಿದ್ದೇನೆ. ಆಮೇಲೆ ಚಾಪೆಯಲ್ಲಿ ಮಲಗಿ, ಮೊಣಕಾಲು ಮಡಚಿ, ಹೊಟ್ಟೆ ಮೇಲೆ ಕೈ ಇಟ್ಟು, ಉಸಿರು ಕೆಳಗಿನವರೆಗೆ ಇಳಿಸುವುದು. ಉಸಿರು ಇಳಿಯುವಾಗ ಅಡಿಯನ್ನೂ ಬಿಡಬೇಕು. ಕೇಳಲು ಸುಲಭ! ತೋಡಾರಿನ ಏರು ಹತ್ತುವುದು ಇದರ ಮುಂದೆ ಆಟ. ಬಿಟ್ಟೆ ಎಂದುಕೊಳ್ಳುತ್ತೇನೆ, ಆಮೇಲೆ ನೋಡಿದರೆ ಬಿಟ್ಟಿರುವುದೇ ಇಲ್ಲ. ಮಕ್ಕಳಿಗೆ ‘ಎಟೆನ್ಶನ್’ ಕೂಗುವಾಗ ಅವರಿಗಿಂತ ಮೊದಲು ನನ್ನ ಅಡಿಯೇ ಎಟೆನ್ಶನ್ ಆಗುತ್ತದೆ.

ಪದ್ಮಯ್ಯ ಗುರುಗಳಿಗೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ‘ಹಾಗಾದ್ರೆ ಇನ್ನು ಹುಡುಗರಿಗೆ ಬಿಡುವುದನ್ನೂ ಹೇಳಿಕೊಡುವ’ ಎಂದರು. ಅವರ ಕಾಲು ಮುಟ್ಟಿ ಬಂದೆ.

ಪೂರ್ತಿ ಹೋಗಿಲ್ಲ. ಹೋದ ವಾರ ಎರಡು ದಿನ ಮೊದಲಿನ ಹಾಗೆಯೇ ಬಂತು. ಇನ್ನು ಮುಗಿಯಿತು ನನ್ನ ಕತೆ ಎಂದು ಚಾಪೆಯಲ್ಲೇ ಬಿದ್ದಿದ್ದೆ. ಆಮೇಲೆ ತಾನಾಗಿ ಇಳಿಯಿತು. ಆದರೆ ನಿನ್ನೆ ಬಸದಿಯಲ್ಲಿ ಅಭಿಷೇಕ ಮುಗಿಯುವವರೆಗೆ ನೆಲದಲ್ಲಿ ಕುಳಿತಿದ್ದೆ. ಎದ್ದು ಬಂದ ಮೇಲೆ ನೆನಪಾಯಿತು, ಕುಳಿತದ್ದು ಗೊತ್ತೇ ಆಗಲಿಲ್ಲವೆಂದು. ಕುಳಿತದ್ದು ಗೊತ್ತಾಗದಿರುವುದು ಎಂಥ ಭಾಗ್ಯವೆಂದು ಎಲ್ಲರೊಡನೆ ಹೇಳಬೇಕೆನ್ನಿಸಿತು. ಯಾರಿಗೆ ಹೇಳುವುದು? ನಿನಗೆ ಹೇಳುತ್ತಿದ್ದೇನೆ.

ಒಂದು ಮಾತು ಕೇಳಬೇಕು. ಬೆಳ್ತಂಗಡಿಯಲ್ಲಿ ಆ ಹುಡುಗಿಗೆ ಇನ್ನೂ ಎಲ್ಲಿಯೂ ಆಗಿಲ್ಲ. ಬಂದ ಎರಡು ಕಡೆಯವರು, ಮೊದಲು ಒಪ್ಪಿದವ ಯಾಕೆ ಬಿಟ್ಟ ಎಂದು ಕೇಳಿ ಹಿಂದೆ ಸರಿದರಂತೆ. ಅದು ಕೇಳಿದಂದಿನಿಂದ ನನಗೆ ಅನ್ನ ಸೇರುವುದಿಲ್ಲ. ಈಗ ನಾನು ಹೋಗಿ ಕೇಳಬಹುದೇ? ಡಾಕ್ಟರನಾಗಿ ಹೇಳು.

ವಿಮಲ


ಮದ್ರಾಸು
7 ಜೂನ್ 1958

ವಿಮಲ,

ಡಾಕ್ಟರನಾಗಿ ಹೇಳುತ್ತೇನೆ. ಮದುವೆಗೆ ಯಾವ ಅಡ್ಡಿಯೂ ಇಲ್ಲ. ಸಂಸಾರಕ್ಕೂ ಇಲ್ಲ, ಮಕ್ಕಳಿಗೂ ಇಲ್ಲ. ನೋವು ಬರುತ್ತದೆ, ಹೋಗುತ್ತದೆ. ಬರುವುದು ಕಡಿಮೆಯಾಗುತ್ತ ಹೋಗುತ್ತದೆ. ಒಮ್ಮೆ ಬಂತೆಂದು ಹೆದರಿ ಬಿಗಿದುಕೊಂಡರೆ ಮಾತ್ರ ಉಳಿಯುತ್ತದೆ.

ಗೆಳೆಯನಾಗಿ ಹೇಳುತ್ತೇನೆ. ಕೇಳುವ ಮೊದಲು ಅವಳಿಗೆ ವಿಷಯ ಹೇಳು. ಅವಳ ಮಾವನಿಗಲ್ಲ, ಅವಳಿಗೆ. ಜಾತಕದ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇರಿದರೆ ಅದನ್ನು ಹೊರಲು ನಿನ್ನ ಸ್ನಾಯುಗಳಿಗೆ ಸಾಧ್ಯವಿಲ್ಲ. ಅವಳು ಬೇಡ ಎಂದರೆ ಬೇಡ. ಬಿಟ್ಟದ್ದು ತನ್ನ ಕೊರತೆಗಲ್ಲವೆಂದಾದರೂ ಅವಳಿಗೆ ತಿಳಿಯುತ್ತದೆ.

ಸೈಕಲಿನ ಸೀಟನ್ನು ಹಸೈನಾರನ ಸೈಕಲ್ ಅಂಗಡಿಯಲ್ಲಿ ಕೊಟ್ಟು ಅಗಲದ್ದು ಹಾಕಿಸು. ಮೂತಿ ಸ್ವಲ್ಪ ಕೆಳಗಿರಲಿ. ಮಳೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ ಬರುವಷ್ಟು ಮಾತ್ರ ತುಳಿ.

ಮಹೇಶ್ವರ


ಮೂಡುಬಿದಿರೆ
2 ಡಿಸೆಂಬರ್ 1958

ಪ್ರಿಯ ಮಹೇಶ್ವರ,

ಹೇಳಿದೆ!

ಧೈರ್ಯ ಬರಲು ಇಡೀ ಮಳೆಗಾಲ ಬೇಕಾಯಿತು. ದೀಪಾವಳಿ ಕಳೆದ ಮೇಲೆ ಮನೋರಮಾ ತನ್ನ ಚಿಕ್ಕಮ್ಮನ ಜೊತೆ ಸಾವಿರ ಕಂಬದ ಬಸದಿಗೆ ಬಂದಿದ್ದಳು. ಚಿಕ್ಕಮ್ಮ ಒಳಗೆ ಪ್ರದಕ್ಷಿಣೆಗೆ ಹೋದರು. ಇವಳು ಮೆಟ್ಟಿಲ ಹತ್ತಿರ ನಿಂತಿದ್ದಳು. ನಾನು ಹೋಗಿ ನಿಂತೆ. ತಿರುಗಿ ಹೋಗುತ್ತಾಳೆ ಎಂದುಕೊಂಡಿದ್ದೆ, ಹೋಗಲಿಲ್ಲ.

‘ಜಾತಕದ್ದು ಸುಳ್ಳು. ನನಗೆ ಒಂದು ನೋವುಂಟು’ ಎಂದೆ. ಎಲ್ಲಿ ಎಂದು ಕೇಳಿದಳು. ಮಂಡಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು ಮಾರಾಯ. ನುಂಗಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಂದ್ಯದಲ್ಲಿ ಇಳಿದದ್ದು, ಆ ಡಾಕ್ಟರು ನಕ್ಕದ್ದು, ನೀನು ಹೇಳಿದ್ದು, ಇನ್ನೂ ಆಗಾಗ ಬರುವುದು, ಎಲ್ಲ. ಕಟಾರದ್ದನ್ನೂ ಹೇಳಿದೆ. ಅಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ನಕ್ಕದ್ದೆಂದೇ ತಿಳಿದು ಕುಗ್ಗಿಹೋದೆ.

ಆಮೇಲೆ ಹೇಳಿದಳು, ‘ನಮ್ಮಪ್ಪನಿಗೆ ಮೂತ್ರ ಕಟ್ತಿತ್ತು. ಅಮ್ಮನಿಗೂ ಹೇಳ್ಲಿಲ್ಲ. ಶಾಲು ಹೊದ್ದು ಜಗಲಿಯ ಮೂಲೆಯಲ್ಲಿ ಕೂತಿರ್ತಿದ್ರು, ಕೇಳಿದ್ರೆ ಚಳಿ ಅಂತಿದ್ರು. ಬೇಸಿಗೆಯಲ್ಲೂ ಚಳಿ ಅಂತಿದ್ರು. ನಮಗೆ ಗೊತ್ತಾಗುವಾಗ ಡಾಕ್ಟರ ಕೈ ಮೀರಿತ್ತು. ನೀವು ಬೇಡ ಅಂದಾಗ ನನ್ನ ಬಣ್ಣ ಸಾಲದೇನೋ, ಮಾತು ಹೆಚ್ಚಾಯಿತೇನೋ ಅಂತ ವರ್ಷ ಪೂರ್ತಿ ಲೆಕ್ಕ ಹಾಕಿದೆ. ಇಷ್ಟೇ ಅಂತ ಆಗಲೇ ಹೇಳ್ಬಹುದಿತ್ತಲ್ಲ?’

ಚಿಕ್ಕಮ್ಮ ಬರುವುದು ಕಾಣಿಸಿತು. ‘ಮಾವನನ್ನು ಕಳಿಸ್ತೇನೆ. ಈ ಸಲ ನೀವು ಜಾತಕ ತರಬೇಡಿ’ ಎಂದು ಹೇಳಿ ಇಳಿದು ಹೋದಳು.

ಮಾಘದಲ್ಲಿ ಮದುವೆ. ನೀನು ಬಾರದಿದ್ದರೆ ನಾನು ಹಸೆಗೆ ಏರುವುದಿಲ್ಲ. ನನ್ನ ಮಾವ ನನಗೆ ಜನ್ಮದ ಹಿರಿಯ, ಪದ್ಮಯ್ಯ ಗುರುಗಳು ವಿದ್ಯೆಯ ಹಿರಿಯರು. ನೀನು ನನ್ನ ಮಾತು ನಂಬಿದವನು. ನನ್ನನ್ನು ಗುಣ ಮಾಡಿದ್ದು ಅದೇ, ಉಳಿದದ್ದೆಲ್ಲ ಬಿಸಿನೀರು.

ವಿಮಲ


ಮೂಡುಬಿದಿರೆ
14 ಆಗಸ್ಟ್ 1960

ಪ್ರಿಯ ಮಹೇಶ್ವರ,

ನೀನು ದೊಡ್ಡ ಡಾಕ್ಟರಾದ ಸುದ್ದಿ ಕೇಳಿ ಇಲ್ಲಿ ಪಾಯಸ ಮಾಡಿದೆವು. ನಿನ್ನ ಪಾಲನ್ನೂ ನಾನೇ ತಿಂದೆ.

ಸೈಕಲ್ ಅಟ್ಟದಿಂದ ಇಳಿದು ಬಂದಿದೆ. ಪಂದ್ಯಕ್ಕಲ್ಲ. ತೋಡಾರಿನ ಏರಿನ ಬುಡದವರೆಗೆ ಹೋಗಿ, ಇಳಿದು, ತಳ್ಳಿಕೊಂಡು ಹತ್ತುತ್ತೇನೆ. ನನ್ನ ಹುಡುಗರು ನನ್ನನ್ನು ದಾಟಿ ಹೋಗುವಾಗ ಮೊದಲು ಹೊಟ್ಟೆ ಉರಿಯುತ್ತಿತ್ತು, ಈಗ ‘ಸೀಟು ತಗ್ಗಿಸಿಕೊಳ್ಳಿ’ ಎಂದು ಹಿಂದಿನಿಂದ ಕೂಗುತ್ತೇನೆ. ಅವರಲ್ಲಿ ಒಬ್ಬ, ಹುಕ್ರಪ್ಪ ಎಂಬವನು, ಮೊನ್ನೆ ನನ್ನನ್ನು ಬದಿಗೆ ಕರೆದು, ‘ಸರ್, ನಂಗೂ ಒಂದು ಕಡೆ ನೋವುಂಟು’ ಎಂದ. ಎಲ್ಲಿ ಎಂದು ನಾನು ಕೇಳಲಿಲ್ಲ. ಜೊತೆಗೆ ಕೂರಿಸಿಕೊಂಡು ಮೊದಲು ನನ್ನದನ್ನು ಹೇಳಿದೆ. ಆಮೇಲೆ ಅವನು ತಾನಾಗಿಯೇ ಹೇಳಿದ. ಅವನನ್ನು ನಿನ್ನ ಹತ್ತಿರ ಕಳುಹಿಸುತ್ತಿದ್ದೇನೆ, ನನ್ನ ಹಾಗೆ ತಡಮಾಡಿಲ್ಲ. ನೋಡಿಕೊ.

ಮನೋರಮಾ ಬದಿಯಲ್ಲಿ ಕುಳಿತು, ಕಾಗದದಲ್ಲಿ ತನಗೂ ಸ್ಥಳ ಬಿಡಬೇಕು ಎನ್ನುತ್ತಿದ್ದಾಳೆ. ಬಿಟ್ಟಿದ್ದೇನೆ.

ನಿನ್ನ,
ವಿಮಲ

ಮಹೇಶ್ವರಣ್ಣನಿಗೆ ಮನೋರಮೆಯ ನಮಸ್ಕಾರಗಳು.

ಇವರು ಎಲ್ಲ ಬರೆದು ಒಂದನ್ನು ಬಿಟ್ಟಿದ್ದಾರೆ. ಹೋದ ಭಾನುವಾರ ಮಧ್ಯಾಹ್ನ ನೋವು ಮತ್ತೆ ಬಂತು, ಜೋರಾಗಿಯೇ ಬಂತು. ಮನೆ ತುಂಬ ನೆಂಟರಿದ್ದರು. ಎಲೆ ಹಾಕಿ ಆಗಿತ್ತು, ಮಾವ ಶ್ರೀಪಾಲರು ಮಧ್ಯದಲ್ಲಿ ಕುಳಿತಿದ್ದರು. ಇವರು ಊಟದ ಸಾಲಿನಿಂದ ಎದ್ದರು. ಜಗಲಿಗೆ ಹೋಗಲಿಲ್ಲ, ಶಾಲು ಹೊದೆಯಲಿಲ್ಲ. ನೇರ ಅಡುಗೆಮನೆಯ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ‘ಮನೋರಮಾ, ನೋಯ್ತಾ ಉಂಟು. ಸ್ವಲ್ಪ ಬಿಸಿನೀರು ಕಾಯಿಸು’ ಎಂದರು.

ಬಡಿಸುವ ಸೌಟನ್ನು ಅಲ್ಲೇ ಇಟ್ಟು ಬಂದು ಒಲೆಗೆ ಕಟ್ಟಿಗೆ ಒಟ್ಟಿದೆ. ನಮ್ಮ ಅಮ್ಮನಿಗೆ ಒಮ್ಮೆಯೂ ಸಿಗದ ಕೆಲಸ ಅದು, ಅಣ್ಣ. ನಿಮ್ಮಿಂದ ನನಗೆ ಸಿಕ್ಕಿತು.